ಬಿಸ್ಕತ್ತಿನ ಕತ್ತರಿ

ನಮ್ಮ ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ಒಂದು ಕತ್ತರಿ ನೇತಾಡುತ್ತಿರುತ್ತದೆ. ಹಿಡಿಕೆಯ ಕರಿ ಬಣ್ಣ ಉದುರಿದೆ, ಅದಕ್ಕೆ ಅವ್ವ ಹಳೆಯ ಸೀರೆಯ ಅಂಚನ್ನು ಸುತ್ತಿದ್ದಾಳೆ. ನನಗೀಗ ಐವತ್ತೊಂದು, ಕತ್ತರಿ ನನಗಿಂತ ಹಿರಿಯದು. ಅಪ್ಪ ಮಾಸ್ತರಿಕೆಗೆ ಸೇರಿದ ವರ್ಷ ತಂದದ್ದಂತೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಕೆಲಗೇರಿಯ ನಮ್ಮ ಮನೆಗೆ ಬಂದಳು. ಬರುವಾಗ ತಂದದ್ದು ಒಂದು ಟ್ರಂಕು, ಮುಚ್ಚಳದ ಮೇಲೆ ತನ್ನ ಹೆಸರು ಕೊರೆಸಿದ ಒಂದು ಸ್ಟೀಲ್ ಡಬ್ಬಿ ಮತ್ತು ಈ ಕತ್ತರಿ. ಇದರಿಂದ ಬಟ್ಟೆ ಕತ್ತರಿಸುವಂತಿಲ್ಲ, ಕೊತ್ತಂಬರಿ ಕತ್ತರಿಸುವಂತಿಲ್ಲ. ನನ್ನ ಗಂಡ ವಸಂತ ಒಮ್ಮೆ ಇದರಿಂದ ಮೀಸೆ ಸರಿಮಾಡಿಕೊಳ್ಳಲು ಹೋಗಿ, ಎಂದೂ ಅಳಿಯನಿಗೆ ಎದುರಾಡದ ಅತ್ತೆಯಿಂದ ಬೈಸಿಕೊಂಡರು.

"ಅದು ಬಿಸ್ಕೀಟಿನ ಕತ್ತರಿ ಐತ್ರಿ. ಮೀಸಿದಲ್ಲ."

ವಸಂತ ನಕ್ಕರು. ನಾನೂ ನಕ್ಕೆ. ಈಗ ಆ ನಗುವನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಎರಡು ಬಿಗಿಯಬೇಕು ಅನ್ನಿಸುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಇದು ಸಿಟ್ಟಿನಲ್ಲಿ ಬರೆಯುತ್ತಿರುವ ಬರಹ. ಬಿಸ್ಕತ್ತು ಮಾಡುವುದನ್ನು ಕಲಿತ ಕಥೆ ಅಂದುಕೊಂಡು ಕುಳಿತವರಿಗೆ ಅದೂ ಸಿಗುತ್ತದೆ, ಆದರೆ ಸ್ವಲ್ಪ ಖಾರ ಇರುತ್ತದೆ.

ನಾನು ಸಣ್ಣವಳಿದ್ದಾಗ ನಮ್ಮ ಮನೆಗೆ ದೊಡ್ಡ ಜನ ಬರುತ್ತಿದ್ದರು. ದೊಡ್ಡ ಜನ ಎಂದರೆ ಅಪ್ಪನ ಹೆಡ್ಮಾಸ್ತರರು, ಸಾಲಿ ಇನ್ಸ್‌ಪೆಕ್ಟರರು, ಓಣಿಯ ಆಚೆ ಬದಿಯ ವಕೀಲರು. ಅವರು ಬಂದು ಕುರ್ಚಿಯಲ್ಲಿ ಕುಳಿತರೆ ಅವ್ವ ತಲೆಯ ಮೇಲೆ ಸೆರಗು ಹೊದ್ದು, ಒಂದು ಕೈಯಲ್ಲಿ ಅಂಗಡಿಯ ಬಿಸ್ಕತ್ತಿನ ಪ್ಯಾಕೆಟ್ಟು, ಇನ್ನೊಂದು ಕೈಯಲ್ಲಿ ಈ ಕತ್ತರಿ ಹಿಡಿದು ಹೊರಗೆ ಬರುತ್ತಿದ್ದಳು. ಪ್ಯಾಕೆಟ್ಟನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು ತುದಿಯನ್ನು ಕಚಕ್ಕನೆ ಕತ್ತರಿಸುತ್ತಿದ್ದಳು. ಬಿಸ್ಕತ್ತನ್ನು ತಾಟಿಗೆ ಸುರಿಯುತ್ತಿರಲಿಲ್ಲ. ಪ್ಯಾಕೆಟ್ಟನ್ನೇ ತಾಟಿನಲ್ಲಿಟ್ಟು ಹಿಂದೆ ಸರಿಯುತ್ತಿದ್ದಳು. ಬಂದವರು ಎರಡು ಬೆರಳಲ್ಲಿ ಒಂದೊಂದನ್ನು ಎಳೆದುಕೊಂಡು ತಿನ್ನುತ್ತಿದ್ದರು. ಚಹಾ ಬೇಕೇ ಎಂದರೆ, "ಈಗಷ್ಟ ಆತ್ರಿ ಮಾಸ್ತರ" ಎನ್ನುತ್ತಿದ್ದರು. ಇಡೀ ಧಾರವಾಡದ ಜನ ನಮ್ಮ ಮನೆಗೆ ಬರುವ ಸ್ವಲ್ಪ ಮುಂಚೆಯೇ ಚಹಾ ಕುಡಿಯುತ್ತಾರೆ ಎಂದು ನಾನು ನಂಬಿದ್ದೆ.

ಅದನ್ನು ನೋಡುವುದೇ ನನಗೊಂದು ಸಂಭ್ರಮ. ಸಾಲಿಯ ಹೊಸ ಕೋಣೆಯ ಉದ್ಘಾಟನೆಗೆ ಬಂದ ಅತಿಥಿಗಳು ರಿಬ್ಬನ್ ಕತ್ತರಿಸಿದ್ದನ್ನು ನೋಡಿದ್ದೆನಲ್ಲ, ನಮ್ಮ ಅವ್ವ ದೊಡ್ಡ ಜನ ಬಂದಾಗಲೆಲ್ಲ ಉದ್ಘಾಟನೆ ಮಾಡುತ್ತಾಳೆ ಅಂದುಕೊಂಡಿದ್ದೆ. ನಾನೂ ತಂಗಿಯೂ ಮನೆ ಆಟ ಆಡುವಾಗ ಎಲೆ ಮಡಚಿ ಪ್ಯಾಕೆಟ್ಟು ಮಾಡಿ, ಬೆರಳನ್ನೇ ಕತ್ತರಿ ಮಾಡಿ, "ಕಚಕ್" ಎಂದು ಕತ್ತರಿಸಿ ಗೊಂಬೆಯ ಮುಂದೆ ಇಡುತ್ತಿದ್ದೆವು. ಅಡುಗೆಮನೆಯ ನೆಲುವಿನಲ್ಲಿ ಅವ್ವ ಮಾಡಿದ ಶೇಂಗಾ ಹೋಳಿಗೆ ಇರುತ್ತಿತ್ತು. ಅದು ಕೀಳು, ಮನೆಯವರ ಪಾಲಿಗೆ ಮಾತ್ರ; ಬಂದವರಿಗೆ ಕೊಡುವ ಬಿಸ್ಕತ್ತು ಮೇಲು. ಇದು ನನ್ನ ಲೆಕ್ಕಾಚಾರ. ಅಂಥ ಹೋಳಿಗೆಯನ್ನು ನಾನು ಮುಖ ಸಿಂಡರಿಸಿ ತಿಂದಿದ್ದೇನೆ, ಬಿಸ್ಕತ್ತಿನ ಮುರುಕು ಸಿಗಲಿಲ್ಲ ಎಂದು ಅತ್ತಿದ್ದೇನೆ. ಹುಡುಗಬುದ್ಧಿ ಅನ್ನಿ. ಆದರೆ ಮೂವತ್ತಮೂರನೆಯ ವಯಸ್ಸಿನಲ್ಲಿ ಹುಬ್ಬಳ್ಳಿಯ ಒಂದು ಹೈಸ್ಕೂಲಿಗೆ ವಿಜ್ಞಾನದ ಟೀಚರ್ ಆಗಿ ಸೇರಿದಾಗಲೂ ಅದೇ ಬುದ್ಧಿ ಇತ್ತಲ್ಲ, ಅದಕ್ಕೇನು ಹೇಳೋಣ?

ನಮ್ಮ ಸ್ಟಾಫ್ ರೂಮಿನಲ್ಲಿ ಶನಿವಾರದ ಡಬ್ಬಿ ಎಂಬ ಪದ್ಧತಿ ಇದೆ. ಬೆಳಗಿನ ಶಾಲೆಯ ದಿನ ಹನ್ನೆರಡು ಮಂದಿಯಲ್ಲಿ ಒಬ್ಬರು ಎಲ್ಲರಿಗೂ ಆಗುವಷ್ಟು ತಿಂಡಿ ಮಾಡಿಕೊಂಡು ಬರಬೇಕು. ಸರದಿ ಪ್ರಕಾರ. ನಾನು ಸೇರಿದ ಹೊಸತರಲ್ಲಿ ನನ್ನ ಸರದಿ ಬಂತು. ಬೆಳಗಿನ ನಾಲ್ಕಕ್ಕೆ ಎದ್ದು ಮಾದಲಿ ಮಾಡಿದೆ. ಗೋದಿ ಹಿಟ್ಟು, ಬೆಲ್ಲ, ಏಲಕ್ಕಿ, ಗಸಗಸೆ, ಮೇಲೆ ತುಪ್ಪ. ಬಿಸಿ ಹಾಲನ್ನು ಬೇರೆ ಫ್ಲಾಸ್ಕಿನಲ್ಲಿ ಒಯ್ದೆ. ಅವತ್ತು ನೋಡಿ, ಒಬ್ಬರಿಗೆ ಹಲ್ಲುನೋವು. ಒಬ್ಬರಿಗೆ ಸಕ್ಕರೆ ಕಾಯಿಲೆ ಅದೇ ವಾರ ಪತ್ತೆಯಾಗಿತ್ತು. ಇಬ್ಬರು ಮನೆಯಿಂದ ಹೊಟ್ಟೆ ತುಂಬ ತಿಂದು ಬಂದಿದ್ದರು. ಎಲ್ಲರಿಗಿಂತ ಹಿರಿಯರಾದ ಸರೋಜಾ ಮೇಡಂ ಹೊಟ್ಟೆ ಸವರಿಕೊಂಡು, "ನಿನ್ನೆಯಿಂದ ಯಾಕೋ ಅಜೀರ್ಣ ಆಗೇದ ರೀ ಶಕುಂತಲಾ" ಎಂದರು. ನಾನು ಹಲ್ಲುನೋವಿನವರಿಗೆ ಲವಂಗದ ಎಣ್ಣೆ ಹಚ್ಚಿಕೊಳ್ಳಲು ಹೇಳಿದೆ. ಅಜೀರ್ಣದವರಿಗೆ ಓಂಕಾಳಿನ ಕಷಾಯ ಹೇಳಿದೆ. ನಿಜವಾಗಿಯೂ ಮರುಗಿದೆ!

ಮುಂದಿನ ಸರದಿಗೆ ಮುಂಚೆ ಸರೋಜಾ ಮೇಡಂ ಹೆಗಲ ಮೇಲೆ ಕೈಯಿಟ್ಟು, "ಸಣ್ಣ ಕೂಸು ಇಟ್ಕೊಂಡು ಯಾಕ ತ್ರಾಸ ಪಡ್ತೀರಿ? ನೀವು ಬೇಕರಿಯಿಂದ ಖಾರಾ ಬಿಸ್ಕೀಟ ತಂದುಬಿಡ್ರಿ, ಸಾಕು. ನಿಮಗ ವಿನಾಯ್ತಿ" ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಎಂಥಾ ಒಳ್ಳೆಯ ಹೆಣ್ಣುಮಗಳು ಎಂದು ಮನೆಗೆ ಹೋಗಿ ಅವ್ವನಿಗೂ ವಸಂತರಿಗೂ ಹೇಳಿದೆ. ವಸಂತ ತಲೆಯಾಡಿಸಿದರು. ಆಗ ಕೆಲದಿನಕ್ಕೆಂದು ಬಂದಿದ್ದ ಅವ್ವ ಎದ್ದು ಒಳಗೆ ಹೋದಳು. ಆ ಕೂಸು ಈಗ ಬೆಳಗಾವಿಯಲ್ಲಿ ಕಾಲೇಜು ಓದುತ್ತಿದ್ದಾನೆ, ಮೀಸೆ ಬಂದಿದೆ. ವಿನಾಯ್ತಿ ಮಾತ್ರ ಹಾಗೇ ಮುಂದುವರಿದಿತ್ತು. ಹದಿನೆಂಟು ವರ್ಷ ನಾನು ಬೇಕರಿಯ ರಟ್ಟಿನ ಡಬ್ಬಿ ಒಯ್ದೆ. ಹದಿನೆಂಟು ವರ್ಷ ಅವರು ಡಬ್ಬಿಯ ತಳ ಕಾಣುವ ತನಕ ತಿಂದರು.

ಈ ವರ್ಷ ಸಹನಾ ಎಂಬ ಹೊಸ ಹುಡುಗಿ ಇಂಗ್ಲಿಷ್ ಕಲಿಸಲು ಬಂದಿದ್ದಾಳೆ. ಬಾಯಿಗೆ ಬಂದದ್ದನ್ನು ಕೇಳಿಬಿಡುವ ಸ್ವಭಾವ. ಫೆಬ್ರವರಿಯ ಒಂದು ಶನಿವಾರ ನನ್ನ ರಟ್ಟಿನ ಡಬ್ಬಿಯಿಂದ ಬಿಸ್ಕತ್ತು ಎತ್ತಿಕೊಳ್ಳುತ್ತ ಕೇಳಿದಳು: "ಮೇಡಂ, ಎಲ್ಲಾರೂ ಮನಿದು ತರ್ತಾರ, ನೀವಷ್ಟ ಯಾಕ್ರಿ ಬೇಕರಿದು ತರ್ತೀರಿ?"

"ಮಗ ಸಣ್ಣಾಂವ ಇದ್ದನಲ್ಲ" ಎಂದು ಬಾಯಿ ತೆರೆದವಳು ಅಲ್ಲಿಗೇ ನಿಂತೆ. ಮಗನಿಗೆ ಇಪ್ಪತ್ತೊಂದು. ಸುತ್ತ ನೋಡಿದೆ. ಇಡೀ ಕೋಣೆ ಒಮ್ಮೆಲೇ ಪೇಪರ್ ತಿದ್ದುವುದರಲ್ಲಿ ಮುಳುಗಿತ್ತು. ಕೆಂಪು ಪೆನ್ನು ಇಲ್ಲದವರೂ ತಿದ್ದುತ್ತಿದ್ದರು. ಸರೋಜಾ ಮೇಡಂ ಮಾತ್ರ, "ಅವರಿಗೆ ನಾವ ವಿನಾಯ್ತಿ ಕೊಟ್ಟೇವಿ" ಎಂದು ಅದೇ ಮೆತ್ತಗಿನ ದನಿಯಲ್ಲಿ ಹೇಳಿ, ಬಿಸ್ಕತ್ತಿನ ಪುಡಿಯನ್ನು ಸೀರೆಯ ಮೇಲಿಂದ ಝಾಡಿಸಿಕೊಂಡರು. ನನ್ನ ಕಿವಿಯಲ್ಲಿ ಕಚಕ್ ಎಂದಿತು.

ನಾವು ದಲಿತರು. ಇದನ್ನು ಸುತ್ತಿ ಬಳಸಿ ಹೇಳುವ ತಾಳ್ಮೆ ಇವತ್ತು ನನಗಿಲ್ಲ.

ಮನೆಗೆ ಬಂದವಳೇ ಅವ್ವನ ಮುಂದೆ ಕುಳಿತೆ. "ಅವ್ವಾ, ಪ್ಯಾಕೆಟ್ ಒಳಗ ಕತ್ತರಿಸಿ, ತಾಟಿನ್ಯಾಗ ಹಾಕಿ ತಂದ್ರ ಆಗ್ತಿರಲಿಲ್ಲೇನು? ಮಂದಿ ಮುಂದ ಯಾಕ ಕತ್ತರಿಸ್ತಿದ್ದಿ?"

ಅವ್ವ ಹುಣಸೆಹಣ್ಣು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಒಳಗ ಕತ್ತರಿಸಿದ್ರ ನನ್ನ ಕೈ ಹತ್ತಿದಂಗ ಆಗ್ತಿತ್ತು. ಎದುರಿಗೆ ಕತ್ತರಿಸಿದ್ರ ಫ್ಯಾಕ್ಟರಿಯವರ ಕೈ ಅಷ್ಟ."

ಫ್ಯಾಕ್ಟರಿಯವರ ಕೈ! ನಮ್ಮ ಚಿಕ್ಕಪ್ಪನ ಮಗಳು ತಾರಿಹಾಳದ ಒಂದು ಸಣ್ಣ ಕಾರ್ಖಾನೆಯಲ್ಲಿ ಬಿಸ್ಕತ್ತು ಪ್ಯಾಕ್ ಮಾಡುತ್ತಾಳೆ. ಬೆಳಗಿನಿಂದ ಸಂಜೆಯ ತನಕ ನಮ್ಮ ರಕ್ತದ ಕೈ ಆ ಬಿಸ್ಕತ್ತುಗಳನ್ನು ಜೋಡಿಸುತ್ತದೆ. ಪ್ಲಾಸ್ಟಿಕ್ಕಿನೊಳಗೆ ಹೊಕ್ಕ ಕೂಡಲೇ ಅದು ಶುದ್ಧ. ಅದೇ ಹುಡುಗಿ ತಾಟಿನಲ್ಲಿಟ್ಟು ಕೊಟ್ಟರೆ ಹಲ್ಲುನೋವು, ಅಜೀರ್ಣ, ಸಕ್ಕರೆ ಕಾಯಿಲೆ. ಯಾವ ವಿಜ್ಞಾನದ ಪುಸ್ತಕದಲ್ಲಿ ಇದೆ ಈ ರೋಗ? ನನಗೆ ಅವರ ಮೇಲೆ ಬಂದ ಸಿಟ್ಟಿಗಿಂತ ನನ್ನ ಮೇಲೆ ಬಂದ ಸಿಟ್ಟು ಹೆಚ್ಚು. ಅವರು ಮಾಡಿದ್ದು ಇರಲಿ, ನಾನು ಅದಕ್ಕೆ ಥ್ಯಾಂಕ್ಸ್ ಹೇಳಿದ್ದೆ.

ಆಗ ನನಗೊಂದು ಯೋಚನೆ ಬಂತು. ಎಂಟನೇ ಕ್ಲಾಸಿನ ಮಕ್ಕಳಿಗೆ ಪ್ರಯೋಗ ಮಾಡುವುದು ಹೇಗೆಂದು ವರ್ಷವರ್ಷ ಕಲಿಸುತ್ತೇನೆ. ಎಲ್ಲವನ್ನೂ ಹಾಗೇ ಇಡಬೇಕು, ಒಂದನ್ನು ಮಾತ್ರ ಬದಲಿಸಬೇಕು, ಆಮೇಲೆ ಏನಾಗುತ್ತದೆ ನೋಡಬೇಕು. ಹದಿನೆಂಟು ವರ್ಷ ನನ್ನ ಕೈಯಿಂದ ಖಾರಾ ಬಿಸ್ಕತ್ತು ತಿಂದಿದ್ದಾರೆ. ಅದೇ ಖಾರಾ ಬಿಸ್ಕತ್ತು ಒಯ್ಯುತ್ತೇನೆ. ಅದೇ ಆಕಾರ, ಅದೇ ರುಚಿ. ಮಾಡುವ ಕೈ ಮಾತ್ರ ಬೇರೆ. ಪಂಚಮಿ ಉಂಡಿ, ಹೋಳಿಗೆ ಒಯ್ದರೆ ನೆಪ ಹೇಳಬಹುದು. ಬಿಸ್ಕತ್ತಿಗೆ ಏನು ಹೇಳುತ್ತಾರೆ ನೋಡೋಣ! ಯಾರನ್ನೋ ಕೇಳಿ ಶನಿವಾರ ಬದಲಿಸಿಕೊಂಡೆ. ನನ್ನ ಕೈಯಲ್ಲಿ ಇದ್ದದ್ದು ಮೂರು ವಾರ.

ಓವನ್ ಮನೆಯಲ್ಲೇ ಇತ್ತು. ವಸಂತರಿಗೆ ವರ್ಗವಾದಾಗ ಅವರ ಆಫೀಸಿನವರು ಕೊಟ್ಟದ್ದು. ನಾಲ್ಕು ವರ್ಷದಿಂದ ಅದರಲ್ಲಿ ಹಪ್ಪಳ ಇಟ್ಟಿದ್ದೆವು. ಇಟ್ಟದ್ದನ್ನು ಮರೆತು ಸ್ವಿಚ್ ಹಾಕಿದೆ. ಮೊದಲ ದಿನ ಬಿಸ್ಕತ್ತಿನ ಬದಲು ಪ್ಲಾಸ್ಟಿಕ್ ಚೀಲ ಸಮೇತ ಹಪ್ಪಳ ಬೆಂದು, ಎದುರು ಮನೆಯವರು ಬಂದು ವೈರ್ ಸುಟ್ಟಿತೇನು ಎಂದು ಕೇಳಿ ಹೋದರು.

ಮೊಬೈಲಿನಲ್ಲಿ ಒಬ್ಬ ಹೆಣ್ಣುಮಗಳು ನಗುನಗುತ್ತ ಕಲಿಸುತ್ತಾಳೆ. "ಬೆಣ್ಣೆ ರೂಂ ಟೆಂಪರೇಚರಿನಲ್ಲಿರಲಿ ಫ್ರೆಂಡ್ಸ್" ಎನ್ನುತ್ತಾಳೆ. ಯಾರ ರೂಮು ತಾಯಿ? ಮಾರ್ಚ್ ತಿಂಗಳ ಮಧ್ಯಾಹ್ನ ನಮ್ಮ ಅಡುಗೆಮನೆಯ ಕಟ್ಟೆಯ ಮೇಲಿಟ್ಟ ಬೆಣ್ಣೆ ಹತ್ತು ನಿಮಿಷಕ್ಕೆ ಎಣ್ಣೆಯಾಗಿ, ಹೆಚ್ಚಿಟ್ಟ ಕರಿಬೇವು ಅದರಲ್ಲಿ ಈಜತೊಡಗಿತು. ಉಷ್ಣದ ಪಾಠವನ್ನು ವರ್ಷಗಟ್ಟಲೆ ಮಾಡಿದವಳು ನಾನು. ಎಣ್ಣೆಯಾದ ಬೆಣ್ಣೆಯನ್ನೇ ಮೈದಾಕ್ಕೆ ಸುರಿದು, ಹಸಿಮೆಣಸಿನಕಾಯಿ, ಜೀರಿಗೆ, ಮೊಸರು ಹಾಕಿ, ಬೇಕಿಂಗ್ ಪೌಡರ್ ಇಲ್ಲವೆಂದು ಅಡುಗೆ ಸೋಡಾವನ್ನೇ ಅಷ್ಟೇ ಅಳತೆಯಲ್ಲಿ ಹಾಕಿದೆ. ವಸಂತ ಒಂದು ಕಚ್ಚಿ, "ಬಟ್ಟಿ ಸೋಪಿನ ರುಚಿ ಐತಿ" ಎಂದರು. ಸೋಪಿನ ರುಚಿ ನಿಮಗೆ ಹೇಗೆ ಗೊತ್ತು ಎಂದು ರೇಗಿದೆ. ಅವತ್ತು ಅವರು ಊಟವನ್ನೂ ಮಾತಿಲ್ಲದೆ ಮಾಡಿದರು.

ಎರಡನೆಯ ಸಲ ಬೇಕಿಂಗ್ ಪೌಡರ್ ತಂದೆ. ಬಿಸ್ಕತ್ತು ಕಲ್ಲಾಯಿತು. ಮೂರನೆಯ ಸಲ ತಳ ಕರಿ, ಮೇಲೆ ಬಿಳಿ, ನಡುವೆ ಕಲ್ಲು. ಮಾಡಿದ್ದುಣ್ಣೋ ಮಹಾರಾಯ ಎಂದು ಒಂದು ವಾರ ನಾನೇ ಚಹಾದಲ್ಲಿ ಅದ್ದಿ ತಿಂದೆ; ಚಹಾ ತಣ್ಣಗಾದರೂ ಅವು ನೆನೆಯಲಿಲ್ಲ. ನಾಲ್ಕನೆಯ ಸಲ ಹಿಟ್ಟು ಕಲಸುವಾಗ ಅವ್ವ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕುಳಿತಳು. ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿದಳು.

"ಯಾರನ್ನ ನಾದಾಕತ್ತಿ?"

ನಾನು ನಿಂತೆ. ಖರೇ ಹೇಳಬೇಕೆಂದರೆ ಸರೋಜಾ ಮೇಡಂ ಅವರನ್ನು ನಾದುತ್ತಿದ್ದೆ. ಮೂರೂ ಸಲ ಅದನ್ನೇ ಮಾಡಿದ್ದೆ. ಚಪಾತಿ ಹಿಟ್ಟನ್ನು ನಾದಿ ರೂಢಿಯಾದ ಕೈ, ಮೇಲೆ ಹದಿನೆಂಟು ವರ್ಷದ ಸಿಟ್ಟು. ಕಲ್ಲಾಗದೆ ಇನ್ನೇನಾಗುತ್ತದೆ ಬಿಸ್ಕತ್ತು? ಮೊಬೈಲಿನ ಹೆಣ್ಣುಮಗಳು ನಾದಬೇಡಿ, ಬರೀ ಕೂಡಿಸಿ ಎಂದದ್ದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

"ಸಿಟ್ಟು ಹಿಟ್ಟಿನ್ಯಾಗ ಹಾಕಿ ಮುಗಸಬ್ಯಾಡ" ಎಂದಳು ಅವ್ವ. "ಮುಂದ ಬೇಕಾಗ್ತೈತಿ."

ಬೆರಳ ತುದಿಯಿಂದ ಹಿಟ್ಟನ್ನು ಒತ್ತಿ ಕೂಡಿಸುವುದನ್ನು ಅವಳೇ ತೋರಿಸಿದಳು. ಜೀವನದಲ್ಲಿ ಒಮ್ಮೆಯೂ ಬಿಸ್ಕತ್ತು ಮಾಡದ ಆ ಕೈಗೆ ಅದು ಹೇಗೆ ಗೊತ್ತೋ! ಕರ್ಚಿಕಾಯಿಯ ಕಣಕ ಹೀಗೇ ಅಲ್ಲವೇ ಎಂದು ನನ್ನನ್ನೇ ಕೇಳಿದಳು. ಲಟ್ಟಿಸಿ, ಮಾತ್ರೆ ಡಬ್ಬಿಯ ಮುಚ್ಚಳದಿಂದ ದುಂಡಗೆ ಕೊರೆದು, ಮುಳ್ಳುಚಮಚದಿಂದ ಚುಚ್ಚಿ ಓವನ್ನಿಗಿಟ್ಟೆವು. ಕಾಲು ಗಂಟೆಯ ಮೇಲೆ ಕರಿಬೇವು, ಮೆಣಸಿನಕಾಯಿಯ ವಾಸನೆ ಪಡಸಾಲೆಯ ತನಕ ಬಂತು. ಒಂದನ್ನು ಮುರಿದರೆ ಪಟ್ಟನೆ ಮುರಿದು ಬಾಯಲ್ಲಿ ಕರಗಿತು. ವಸಂತ ನಾಲ್ಕು ತಿಂದು, ಐದನೆಯದನ್ನು ಕೈಯಲ್ಲಿ ಹಿಡಿದು ಒಂದು ಉಪಾಯ ಹೇಳಿದರು.

"ಬೇಕರಿ ರಟ್ಟಿನ ಡಬ್ಬ್ಯಾಗ ಹಾಕ್ಕೊಂಡು ಹೋಗು. ಎಲ್ಲಾರೂ ತಿಂದು ಬಾಯಿ ಚಪ್ಪರಸ್ಲಿ. ಆಮ್ಯಾಲ ಹೇಳು, ಇವು ನನ್ನ ಕೈಯಾನವು ಅಂತ. ಮಾರಿ ನೋಡಬೇಕು ಆಗ!"

ಎಂಥಾ ಉಪಾಯ! ನನಗೆ ಕುಣಿಯುವಷ್ಟು ಖುಷಿಯಾಯಿತು. ಹಳೆಯ ರಟ್ಟಿನ ಡಬ್ಬಿ ಹುಡುಕಿ, ದಾರವನ್ನೂ ಹುಡುಕಿದೆ. ಗಂಟು ಹಾಕುವಾಗ ಅವ್ವ ಬಂದಳು. ಅವಳ ದನಿ ಹಾಗೆ ಏರಿದ್ದನ್ನು ನಾನು ಕೇಳಿರಲಿಲ್ಲ.

"ಕಳುವಿಲೆ ತಿನಸ್ತೀಯೇನು? ಪ್ಯಾಕೆಟ್ ಹಿಂದ ಕೈ ಮುಚ್ಚಿಟ್ಕೊಂಡು ನಾ ಬಾಳೇನಿ. ನೀನೂ ಡಬ್ಬಿ ಹಿಂದ ಮುಚ್ಚಿಟ್ಕೋತೀ? ಅದರ ಸಲುವಾಗಿ ನಿಮ್ಮಪ್ಪ ನಿನಗ ಸಾಲಿ ಕಲಿಸಿದ್ನೇನು?"

ದಾರವನ್ನು ಕಿತ್ತು ಎಸೆದು, ಟ್ರಂಕಿನಿಂದ ತನ್ನ ಸ್ಟೀಲ್ ಡಬ್ಬಿ ತಂದು ನನ್ನ ಮುಂದೆ ಕುಕ್ಕಿದಳು. ಮುಚ್ಚಳದ ಮೇಲೆ ಅವಳ ಹೆಸರು, ಯಾವುದೋ ಪಾತ್ರೆ ಅಂಗಡಿಯವನು ಸೊಟ್ಟಗೆ ಕೊರೆದದ್ದು.

ಆ ಶನಿವಾರ ನಲವತ್ತು ಬಿಸ್ಕತ್ತು ಒಯ್ದೆ. ಬಿಡುವಿನ ಗಂಟೆ ಹೊಡೆಯಿತು. ಡಬ್ಬಿ ತೆರೆದು ಮೇಜಿನ ನಡುವೆ ಇಟ್ಟು, "ಮನಿವು. ನಾ ಮಾಡೇನಿ, ನಮ್ಮವ್ವನ ಕೂಡ" ಎಂದೆ. ಸಹನಾ ಎರಡು ಎತ್ತಿಕೊಂಡು ಒಂದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡಳು. ಪಿ.ಟಿ. ಮಾಸ್ತರರು, ಅವರ ಮೇಲೆ ನನಗೆ ಎಂದೂ ಭರವಸೆ ಇರಲಿಲ್ಲ, ಒಂದು ತಿಂದು, ಎರಡು ತಿಂದು, ಸಿಳ್ಳೆ ಹೊಡೆಯುವ ಬಾಯಿ ಖಾರಕ್ಕೆ ಹಾ ಹಾ ಅನ್ನುತ್ತ ಮೂರನೆಯದಕ್ಕೆ ಕೈ ಹಾಕಿದರು. ಆಮೇಲೆ ಯಾರೂ ಇಲ್ಲ. ಒಬ್ಬರು ಒಂದನ್ನು ತೆಗೆದುಕೊಂಡು ಕರವಸ್ತ್ರದಲ್ಲಿ ಸುತ್ತಿದರು, ಮನೆಗೆ ಹೋಗಿ ತಿನ್ನುತ್ತಾರಂತೆ. ಉಳಿದವರಿಗೆ ಪೇಪರ್ ತಿದ್ದುವುದಿತ್ತು.

ಸರೋಜಾ ಮೇಡಂ ಡಬ್ಬಿಯನ್ನು ನೋಡಿದರು, ನನ್ನನ್ನು ನೋಡಿದರು. ಅದೇ ಮೆತ್ತಗಿನ ದನಿ.

"ಛಲೋ ಕಾಣಸ್ತಾವ ರೀ ಶಕುಂತಲಾ. ಆದ್ರ ಇವತ್ತ ಶನಿವಾರ ಅಲ್ಲೇನು? ನಂದು ಉಪವಾಸ ಅದ."

"ಮೇಡಂ, ನಮ್ಮ ಡಬ್ಬಿ ಯಾವಾಗಲೂ ಶನಿವಾರನ ಇರ್ತೈತ್ರಿ. ಹದಿನೆಂಟು ವರ್ಷ ಶನಿವಾರ ತಿಂದೀರಿ."

ಕೋಣೆಯಲ್ಲಿ ಪೆನ್ನುಗಳು ನಿಂತವು. ಅವರ ಮುಖ ಕೆಂಪಾಯಿತು. "ಏನ್ ಮಾತಾಡ್ತೀರಿ? ನಾ ಎಂದಾದ್ರೂ ಭೇದ ಮಾಡೇನೇನು? ನಿಮ್ಮ ಮನಿ ವಾಸ್ತುಶಾಂತಿಗೆ ನಾ ಬಂದಿರಲಿಲ್ಲೇನು?"

"ಬಂದಿದ್ರಿ. ಎಳನೀರು ಕುಡದು ಹೋದ್ರಿ. ಅದೂ ಪ್ಯಾಕ್ ಆಗಿ ಬಂದದ್ದ."

ಸಹನಾ ಕೆಮ್ಮಿದಳು. ನಾನು ಮುಂದೆ ಏನೇನು ಹೇಳಿದೆನೋ, ಎಲ್ಲ ನೆನಪಿಲ್ಲ. ಬಸ್ಸಿನಲ್ಲಿ ಹೋಗುವಾಗ ಬರುವಾಗ ಜೋಡಿಸಿಟ್ಟಿದ್ದ ಒಳ್ಳೊಳ್ಳೆಯ ಮಾತುಗಳು ಒಂದೂ ಬರಲಿಲ್ಲ. ಕೊನೆಯಲ್ಲಿ ಹೇಳಿದ್ದು ಮಾತ್ರ ನೆನಪಿದೆ: "ಇನ್ನ ಮ್ಯಾಲೆ ನನಗ ನಿಮ್ಮ ವಿನಾಯ್ತಿ ಬ್ಯಾಡ್ರಿ. ನಾನೂ ನಿಮಗ ಕೊಡಂಗಿಲ್ಲ." ಸರೋಜಾ ಮೇಡಂ ಕಣ್ಣೊರೆಸಿಕೊಂಡು ಹೊರಗೆ ಹೋದರು. ಇಬ್ಬರು ಅವರನ್ನು ಸಮಾಧಾನ ಮಾಡಲು ಹಿಂದೆ ಹೋದರು. ನನ್ನನ್ನು ಸಮಾಧಾನ ಮಾಡಲು ಯಾರೂ ಬರಲಿಲ್ಲ. ಅಳು ಬಂದದ್ದು ಅವರಿಗೆ, ಹದಿನೆಂಟು ವರ್ಷ ನಗುತ್ತಿದ್ದದ್ದು ನಾನು.

ಮಧ್ಯಾಹ್ನ ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಕುಳಿತಿದ್ದಳು. ಡಬ್ಬಿಯನ್ನು ನನ್ನ ಕೈಯಿಂದ ಇಸಿದುಕೊಂಡಳು. ತೆರೆಯಲಿಲ್ಲ. ಒಮ್ಮೆ ಎತ್ತಿ ನೋಡಿದಳು, ಭಾರದಲ್ಲೇ ಗೊತ್ತಾಗಿರಬೇಕು.

"ಯಾರ್ಯಾರು ತಿಂದ್ರು?"

"ಇಬ್ಬರವ್ವ" ಎಂದೆ. ಹೇಳುವಾಗ ನನಗೆ ನಾಚಿಕೆಯಾಯಿತು. ಹನ್ನೊಂದು ಮಂದಿಯಲ್ಲಿ ಇಬ್ಬರು.

ಅವ್ವ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಇಬ್ಬರು ತಿಂದ್ರು?" ಎಂದಳು. "ನಿಮ್ಮಪ್ಪಗ ಒಬ್ಬರೂ ಸಿಕ್ಕಿರಲಿಲ್ಲ."

ನಾನು ಕೈಕಾಲು ತೊಳೆದುಕೊಂಡು ಬರುವಷ್ಟರಲ್ಲಿ ಅಡುಗೆಮನೆಯಿಂದ ಸದ್ದು ಬಂತು. ಕಚಕ್, ಕಚಕ್. ಹೋಗಿ ನೋಡಿದರೆ ಮೊಳೆ ಖಾಲಿ. ಅವ್ವ ಸ್ಟೂಲಿನ ಮೇಲೆ ಕುಳಿತು, ಆ ಕತ್ತರಿಯಿಂದ, ಓವನ್ನಿನ ತಟ್ಟೆಗೆ ಹಾಸುವ ಬಟರ್ ಪೇಪರನ್ನು ಅಳತೆ ಹಿಡಿದು ಕತ್ತರಿಸುತ್ತಿದ್ದಳು.

"ಮುಂದಿನ ಶನಿವಾರ ನನ್ನ ಸರದಿ ಅಲ್ಲವ್ವ" ಎಂದೆ.

"ಇರಲಿ, ಒಯ್ಯಿ."

ಇನ್ನೊಂದು ಹಾಳೆ ಕತ್ತರಿಸಿ ಮೊದಲಿನದರ ಮೇಲೆ ಇಟ್ಟಳು.

"ಮೆಣಸಿನಕಾಯಿ ಎರಡು ಹೆಚ್ಚಿಗಿ ಹಾಕು."